ಬೆಣ್ಣೆ ಚಾವಡಿಯ ಎತ್ತುಗಳು

ಅಜ್ಜಂಪುರದ ಕಾವಲಿಗೆ ಮೊದಲ ಸಲ ಹೋದವರು ಮಾಡುವ ತಪ್ಪನ್ನೇ ನಾನೂ ಮಾಡಿದೆ. ದನ ತಾನೆ ಎಂದುಕೊಂಡು ಹಿಂಡಿನ ಕಡೆಗೆ ನಾಲ್ಕು ಹೆಜ್ಜೆ ಹಾಕಿದೆ. ಮೇಯುತ್ತಿದ್ದ ಹಸುಗಳೆಲ್ಲ ಒಮ್ಮೆಗೇ ತಲೆ ಎತ್ತಿದವು. ಒಂದೂ ಓಡಲಿಲ್ಲ, ಒಂದೂ ಕೂಗಲಿಲ್ಲ. ಹೊಳ್ಳೆ ಅರಳಿಸಿ, ಕಿವಿ ನಿಗುರಿಸಿ, ನನ್ನನ್ನೇ ದಿಟ್ಟಿಸುತ್ತ ನಿಂತವು. ಕರುಗಳು ಸದ್ದಿಲ್ಲದೆ ತಾಯಂದಿರ ಹಿಂದಕ್ಕೆ ಸರಿದವು. "ಅಲ್ಲೇ ನಿಂತ್ಕಳಿ ಸಾರ್, ಒಂದ್ ಹೆಜ್ಜೆ ಮುಂದಕ್ ಇಡಬ್ಯಾಡಿ" ಎಂದು ಹಿಂದಿನಿಂದ ದನಗಾಹಿಯ ದನಿ ಬಂತು. ಆತ ನನ್ನನ್ನು ದಾಟಿ ಮುಂದೆ ಹೋಗಿ ಗಂಟಲಲ್ಲೇ ಏನೋ ಒಂದು ಸದ್ದು ಹೊರಡಿಸಿದ ಮೇಲೆ ಅವು ಮತ್ತೆ ಹುಲ್ಲಿಗೆ ಬಾಯಿ ಹಾಕಿದವು.

ಅಷ್ಟು ಹೊತ್ತಿನಲ್ಲಿ ನೋಡಬೇಕಾದ್ದನ್ನು ನೋಡಿಕೊಂಡೆ. ಬೂದಿ ಬಣ್ಣದ ಮೈ. ಉದ್ದನೆಯ ಕಿರಿದಾದ ಮುಖ, ಹಣೆಯ ನಡುವೆ ಬೆರಳಿಟ್ಟು ಎಳೆದಂಥ ಸಣ್ಣ ತಗ್ಗು. ಕೊಂಬುಗಳೆರಡೂ ಬುಡದಲ್ಲಿ ಹತ್ತಿರ ಹತ್ತಿರವೇ ಹುಟ್ಟಿ, ಹಿಂದಕ್ಕೆ ವಾಲಿ, ಮೇಲಕ್ಕೆ ಏರಿ, ತುದಿಯಲ್ಲಿ ಕರಿ ಸೂಜಿಯಾಗುತ್ತವೆ. ಗಂಗೆದೊಗಲು ತೆಳು, ಹೊಟ್ಟೆ ಬಿಗಿ, ಗೊರಸು ಸಣ್ಣದು, ಕಲ್ಲಿನಂತೆ ಗಟ್ಟಿ. ಮೈಮೇಲೆ ಎಲ್ಲಿಯೂ ಒಂದು ಹಿಡಿ ಮಾಂಸ ಹೆಚ್ಚಾಗಿ ಇಟ್ಟಂತಿಲ್ಲ. ಹಾಲು ಕೊಡುವ ದನದ ಸೌಮ್ಯ ಇದರಲ್ಲಿ ಹುಡುಕಿದರೂ ಸಿಗದು. ಇದರ ಹಾಲು ಇದರ ಕರುವಿಗಷ್ಟೇ ಮುಗಿಯುತ್ತದೆ.

ಆದರೆ ಹೆಸರು ನೋಡಿ: ಅಮೃತಮಹಲ್. ಅದಕ್ಕೂ ಮೊದಲು ಈ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂಬ ಹೆಸರಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಶುರುವಾದದ್ದು ಅದು. ಟಿಪ್ಪು ಸುಲ್ತಾನ್ ಬೆಣ್ಣೆಯನ್ನು ತೆಗೆದು ಅಮೃತವನ್ನಿಟ್ಟ. ಎರಡೂ ಅಡುಗೆಮನೆಯ ಹೆಸರುಗಳೇ. ಈ ಇಲಾಖೆ ಮಾಡಿದ ಕೆಲಸ ಮಾತ್ರ ಸುಮಾರು ನೂರು ವರ್ಷ ದಕ್ಷಿಣದ ಯುದ್ಧಗಳ ನಡಿಗೆಯನ್ನೇ ನಿಶ್ಚಯಿಸಿತು. ಶತ್ರುವಿಗೆ ಗೊತ್ತಾಗದಿರಲೆಂದು ಇಟ್ಟ ಹೆಸರೇ ಇದು ಎಂದು ಒಮ್ಮೊಮ್ಮೆ ತಮಾಷೆಗೆ ಅನ್ನಿಸುವುದುಂಟು.

ಆ ಕಾಲದ ಸೈನ್ಯ ಎಂದರೆ ಒಂದು ಊರಿಗೆ ಊರೇ ಎದ್ದು ನಡೆದಂತೆ. ಚಿತ್ರದಲ್ಲಿ ನಮಗೆ ಸಿಪಾಯಿ, ಬಂದೂಕು, ಕುದುರೆ, ನಿಶಾನೆ ಕಾಣುತ್ತವೆ. ಅವರ ಹಿಂದೆ ಮದ್ದು ಗುಂಡು, ಡೇರೆ, ಅಕ್ಕಿ ಮೂಟೆ, ಕುದುರೆಗೆ ಹುರುಳಿ, ಕಮ್ಮಾರನ ತಿದಿ, ಗಾಯಾಳುಗಳ ಡೋಲಿ ಎಲ್ಲವೂ ಬರಬೇಕು. ಎಲ್ಲಕ್ಕಿಂತ ಕಷ್ಟದ್ದು ತೋಪು. ಕೋಟೆ ಒಡೆಯುವ ದೊಡ್ಡ ಮುತ್ತಿಗೆ ತೋಪೊಂದಕ್ಕೆ ಹತ್ತಾರು ಜೋಡಿ ಎತ್ತು ಹೂಡಬೇಕಾಗುತ್ತಿತ್ತು. ಕೆಸರಿನಲ್ಲಿ ಚಕ್ರ ಹೂತರೆ ಹಿಂದಿನಿಂದ ಆನೆಯ ಹಣೆ ಕೊಡಬೇಕು. ಸಿಪಾಯಿ ಎಷ್ಟೇ ಚುರುಕಾಗಿರಲಿ, ಸೇನಾಪತಿ ಎಷ್ಟೇ ಜಾಣನಾಗಿರಲಿ, ಸಂಜೆಗೆ ಬಿಡಾರ ಬೀಳುವುದು ಎತ್ತು ನಿಂತ ಕಡೆ.

ಇದನ್ನು ಲಾರ್ಡ್ ಕಾರ್ನ್‌ವಾಲಿಸ್‌ನಷ್ಟು ಚೆನ್ನಾಗಿ ಕಲಿತವರು ಕಡಿಮೆ. 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೋತಿದ್ದ ಈ ಬ್ರಿಟಿಷ್ ಸೇನಾಪತಿ ಹತ್ತು ವರ್ಷಗಳ ನಂತರ ಬೆಂಗಳೂರು ಕೋಟೆಯನ್ನು ಹಿಡಿದು, 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಕಡೆ ಹೊರಟ. ದಾರಿಯುದ್ದಕ್ಕೂ ಟಿಪ್ಪುವಿನ ಜನ ಮೇವನ್ನು ಸುಟ್ಟಿದ್ದರು. ಮಳೆ ಹಿಡಿಯಿತು. ಈಸ್ಟ್ ಇಂಡಿಯಾ ಕಂಪನಿ ಸೇನೆಯ ಎತ್ತುಗಳು ಹಸಿವಿನಿಂದ, ರೋಗದಿಂದ ದಾರಿಯಲ್ಲೇ ಉರುಳತೊಡಗಿದವು. ಮೇ 15ರಂದು ಅರಕೆರೆಯ ಹತ್ತಿರ ನಡೆದ ಕಾಳಗದಲ್ಲಿ ಗೆದ್ದವನು ಕಾರ್ನ್‌ವಾಲಿಸನೇ. ಎದುರಿಗೆ ಶ್ರೀರಂಗಪಟ್ಟಣ ಕಾಣುತ್ತಿತ್ತು. ಆದರೆ ತೋಪು ಎಳೆಯುವವರಿಲ್ಲ. ಸಿಪಾಯಿಗಳೇ ಹಗ್ಗ ಹಿಡಿದು ಎಳೆದರು. ಕಡೆಗೆ ಕನ್ನಂಬಾಡಿಯ ಬಳಿ, ಎಂದರೆ ಈಗಿನ ಕೃಷ್ಣರಾಜಸಾಗರದ ಆಸುಪಾಸಿನಲ್ಲಿ, ಅಷ್ಟು ದೂರ ತಂದಿದ್ದ ಮುತ್ತಿಗೆ ತೋಪುಗಳನ್ನು ತಾನೇ ಒಡೆದು ಹಾಕಿಸಿ ಬೆಂಗಳೂರಿನ ದಾರಿ ಹಿಡಿದ. ಗೆದ್ದವನು ತನ್ನ ತೋಪನ್ನು ತಾನೇ ನಾಶಮಾಡಿ ಹಿಂದಿರುಗುವುದು ಯುದ್ಧದ ಚರಿತ್ರೆಯಲ್ಲಿ ಅಪರೂಪ. ಇನ್ನೂ ಸಂಕಟದ ಸಂಗತಿ ಎಂದರೆ, ಹಿಂದಿರುಗುವ ಹಾದಿಯಲ್ಲಿ ಮರಾಠರ ಸೈನ್ಯ ತುಂಬಿದ ಬಜಾರಿನೊಂದಿಗೆ ಎದುರಾಯಿತು. ಅವರು ಅಷ್ಟು ಹತ್ತಿರ ಬಂದಿದ್ದ ಸುದ್ದಿ ಟಿಪ್ಪುವಿನ ಸವಾರರ ದೆಸೆಯಿಂದ ಈತನಿಗೆ ಮುಟ್ಟಿರಲಿಲ್ಲ. ಮರುವರ್ಷ ಮತ್ತೆ ಬಂದಾಗ ಕಾರ್ನ್‌ವಾಲಿಸ್ ಮೊದಲು ಮಾಡಿಕೊಂಡ ವ್ಯವಸ್ಥೆ ದವಸದ್ದು. ಬಿಂಜಾರಿಗಳು, ಎಂದರೆ ನಮ್ಮ ಲಂಬಾಣಿಗಳು, ಸಾವಿರಾರು ಹೇರೆತ್ತುಗಳ ಮೇಲೆ ಅವನ ಸೇನೆಗೆ ಧಾನ್ಯ ಸಾಗಿಸಿದರು.

ಅದೇ ನೆಲದಲ್ಲಿ, ಅದೇ ಹವೆಯಲ್ಲಿ ಮೈಸೂರಿನ ಸೇನೆ ನಡೆದ ರೀತಿಯೇ ಬೇರೆ. 1781ರಲ್ಲಿ ಚಿದಂಬರಕ್ಕೆ ಕಂಪನಿ ಸೇನೆ ಕೈಹಾಕಿದ ಸುದ್ದಿ ಕೇಳಿ ಹೈದರ್ ಅಲಿ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದುಬಂದ. ಇಂದಿನ ಲೆಕ್ಕದಲ್ಲಿ 160 ಕಿಲೋಮೀಟರ್. ಕುದುರೆ ಸವಾರರ ಮಾತಾದರೆ ಬೆರಗೇನಿಲ್ಲ. ಬಂದದ್ದು ತೋಪುಗಳ ಸಮೇತ. ಆ ಜುಲೈ ಒಂದರಂದು ಪೋರ್ಟೊನೋವೊದಲ್ಲಿ ಹೈದರ್ ಸೋತ. ಆದರೆ ಸೋತವನ ತೋಪು ಗೆದ್ದವನ ಪಾಲಾಗಬೇಕೆಂಬ ಯುದ್ಧದ ವಾಡಿಕೆ ಅಲ್ಲಿ ನಡೆಯಲಿಲ್ಲ. ಸೋಲಿನ ಸೂಚನೆ ಸಿಕ್ಕ ಕೂಡಲೇ ಎತ್ತು ಹೂಡಿ ತೋಪುಗಳನ್ನು ಶತ್ರುವಿನ ಕಣ್ಣೆದುರೇ ಹಿಂದಕ್ಕೆ ಸಾಗಿಸಲಾಯಿತು. ಬೆನ್ನಟ್ಟಲು ಕಂಪನಿಯ ಸೇನಾಪತಿ ಐರ್ ಕೂಟ್ ಬಳಿ ಅಂಥ ಎತ್ತುಗಳಿರಲಿಲ್ಲ. ಮುಂದೆ ಬಿದನೂರನ್ನು ಮರಳಿ ಪಡೆಯಲು ಟಿಪ್ಪು ಒಂದೇ ತಿಂಗಳಲ್ಲಿ ಪೂರ್ವ ಕರಾವಳಿಯ ಕಡೆಯಿಂದ ಪಶ್ಚಿಮದ ಮಲೆನಾಡಿಗೆ ಬಂದ. ಕಂಪನಿಯ ಜನರಲ್ ಮೆಡೋಸ್‌ನ ಎದುರು ಎರಡು ದಿನದಲ್ಲಿ 63 ಮೈಲಿ ನಡೆದ. ಈ ಲೆಕ್ಕಗಳನ್ನೆಲ್ಲ ಬರೆದಿಟ್ಟವರು ಬ್ರಿಟಿಷರೇ. ಹೊಗಳಬೇಕಾದ ಹಂಗು ಅವರಿಗಿರಲಿಲ್ಲ.

ಈ ನಡಿಗೆ ಒಂದು ತಲೆಮಾರಿನಲ್ಲಿ ಬಂದದ್ದಲ್ಲ. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಗಳಿದ್ದ ಕಾಲದಲ್ಲೇ ಹಳ್ಳಿಕಾರ್ ಹಸುಗಳನ್ನು ತರಿಸಿ ಕರುಹಟ್ಟಿ ಮಾಡಿದ್ದರು. ಪಟ್ಟಣ ಒಡೆಯರ ಕೈಗೆ ಬಂದಾಗ ಹಟ್ಟಿಯೂ ಬಂತು. ಒಬ್ಬೊಬ್ಬ ಅರಸ ಒಂದಷ್ಟು ಹಸು, ಒಂದಷ್ಟು ಕಾವಲು ಸೇರಿಸಿದ. ಹೈದರ್ ಮತ್ತು ಟಿಪ್ಪುವಿನ ಕಾಲಕ್ಕೆ ಹಾಗಲವಾಡಿ, ಚಿತ್ರದುರ್ಗದ ಪಾಳೆಯಗಾರರ ದನಗಳೂ ಕೂಡಿಕೊಂಡವು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ: ಈ ಮೂರು ಕವಲು ಕೂಡಿದ್ದೇ ಅಮೃತಮಹಲ್. ಹಳ್ಳಿಕಾರ್ ತಳಿಗೆ ಕೃಷ್ಣಮೃಗದ ರಕ್ತ ಕೂಡಿದೆ ಎಂಬ ಐತಿಹ್ಯವೂ ಉಂಟು. ಜೀವಶಾಸ್ತ್ರ ಅದನ್ನು ಒಪ್ಪುವುದಿಲ್ಲ, ಆದರೆ ಕಾವಲಿನಲ್ಲಿ ಒಂದು ಕಡಸು ಬೆದರಿ ಓಡುವುದನ್ನು ನೋಡಿದರೆ ಆ ಕಥೆ ಹುಟ್ಟಿದ್ದೇಕೆಂದು ತಿಳಿಯುತ್ತದೆ.

ಈಗ ಕಸುಬಿನ ವಿಚಾರಕ್ಕೆ ಬರುತ್ತೇನೆ.

ಮೊದಲನೆಯದು ಕಾವಲು. ಮೈಸೂರು ಸೀಮೆಯ ಒಣನಾಡಿನಲ್ಲಿ ವರ್ಷವಿಡೀ ಹಸಿರಿರುವ ಜಾಗ ಇಲ್ಲ. ಆದ್ದರಿಂದ ಒಂದು ಕಾವಲಿನಿಂದ ಹಿಂಡು ಬದುಕುವುದಿಲ್ಲ. ಮೂರು ಬಗೆಯವು ಬೇಕು. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು. ಬೇಸಿಗೆಯದ್ದು ಸಾಮಾನ್ಯವಾಗಿ ಕೆರೆಯಂಗಳ. ನೀರು ಇಳಿದಂತೆ ಅಂಗಳದಲ್ಲಿ ಹುಲ್ಲು ಚಿಗುರುತ್ತದೆ, ಏರಿಯ ಮರಗಳ ನೆರಳಿರುತ್ತದೆ. ಮಳೆ ಬಿದ್ದು ಕೆರೆ ತುಂಬತೊಡಗಿದರೆ ಹಿಂಡು ಎದ್ದು ಬಯಲಿನ ಕಡೆ ನಡೆಯಬೇಕು. ಹೀಗೆ ಒಂದು ಹಿಂಡು ವರ್ಷಕ್ಕೆ ಸೀಮೆಯಿಂದ ಸೀಮೆಗೆ ಸುತ್ತುತ್ತಿತ್ತು. ಚಿತ್ರದುರ್ಗ, ತುಮಕೂರು, ಹಾಸನ, ಕಡೂರು, ಮೈಸೂರು ಸೀಮೆಗಳಲ್ಲಿ ಹರಡಿದ್ದ ನೂರಾರು ಕಾವಲುಗಳು ಬಿಡಿ ಬಿಡಿ ಹುಲ್ಲುಗಾವಲುಗಳಲ್ಲ. ಒಂದಕ್ಕೊಂದು ಪೋಣಿಸಿದ ದಾರಿಗಳು ಅವು.

ಹಾಗಾಗಿ ಈ ದನ ಹುಟ್ಟಿದಂದಿನಿಂದ ಮಾಡುವ ಕೆಲಸವೇ ನಡಿಗೆ. ಕೊಟ್ಟಿಗೆ ಗೊತ್ತಿಲ್ಲ, ಹಿಂಡಿ ಬೂಸಾ ಗೊತ್ತಿಲ್ಲ. ಮಳೆ, ಚಳಿ, ಬಿಸಿಲು ಬಯಲಿನಲ್ಲೇ. ಸಿಕ್ಕ ಒಣ ಹುಲ್ಲನ್ನು ಮೆಂದು, ಸಿಕ್ಕ ನೀರು ಕುಡಿದು, ಕಲ್ಲು ಮುಳ್ಳಿನ ಮೇಲೆ ತಾಯಿಯ ಹಿಂದೆ ನಡೆಯುತ್ತ ಕರು ಬೆಳೆಯುತ್ತದೆ. ಗೊರಸು ಗಟ್ಟಿಯಾಗುವುದು ಅಲ್ಲಿ. ಕಡಿಮೆ ಮೇವಿನಲ್ಲಿ ಹೆಚ್ಚು ದೂರ ಹೋಗುವ ಮೈ ತಯಾರಾಗುವುದೂ ಅಲ್ಲೇ. ಯುದ್ಧದಲ್ಲಿ ಎದುರಾಗುವ ಹಸಿವು ಬಾಯಾರಿಕೆಗಳನ್ನೆಲ್ಲ ಶಾಂತಿ ಕಾಲದಲ್ಲೇ ದಿನಕ್ಕಿಷ್ಟು ಎಂದು ತಿನ್ನಿಸಿ ಬೆಳೆಸುವ ಪದ್ಧತಿ ಇದು. ಸಾಕುವವರ ಜಾಣತನ ಇದ್ದದ್ದು ಮುದ್ದು ಮಾಡದೆ ಇರುವುದರಲ್ಲಿ.

ಹಾಲನ್ನು ಕರೆಯದೆ ಬಿಟ್ಟದ್ದೂ ಇದೇ ಲೆಕ್ಕ. ಅರಮನೆಗೆ ಬೆಣ್ಣೆ ಕೊಡಬೇಕಿದ್ದ ಹಿಂಡಿನಲ್ಲಿ ಹಾಲೆಲ್ಲ ಕರುವಿನ ಪಾಲಾಯಿತು. ಬೀಜದ ಹೋರಿಯ ಆಯ್ಕೆಯಲ್ಲಿ ರಾಜಿಯೇ ಇರಲಿಲ್ಲ: ನಡಿಗೆ, ಎದೆ, ಕಾಲು, ಬಣ್ಣ, ಸುಳಿ. ಉಳಿದ ಗಂಡು ಕರುಗಳನ್ನು ಬೇರ್ಪಡಿಸಿ, ನೊಣದ ಕಾಟ ಕಡಿಮೆಯಿರುವ ಚಳಿಗಾಲದಲ್ಲಿ ಬೀಜ ಒಡೆಯುತ್ತಿದ್ದರು. ನಂತರ ಅವು ಮತ್ತೆ ಬಯಲಿಗೆ. ನಾಲ್ಕು ವರ್ಷವಾಗುವ ತನಕ ಮನುಷ್ಯನ ಕೈ ಅವುಗಳ ಮೈ ಮುಟ್ಟುತ್ತಿದ್ದದ್ದು ಅಷ್ಟೇ.

ನಾಲ್ಕನೇ ವರ್ಷದಲ್ಲಿ ನಿಜವಾದ ಪರೀಕ್ಷೆ. ಅದು ಎತ್ತಿಗೆ ಎಷ್ಟೋ ಅದನ್ನು ಸಾಕುವ ಕಿಲಾರಿಗೂ ಅಷ್ಟೇ. ಕಾಡುಪ್ರಾಣಿಯಂತೆ ಬೆಳೆದ, ಸೂಜಿ ಕೊಂಬಿನ, ಹಗ್ಗವೇನೆಂದು ತಿಳಿಯದ ಒಂದು ಜೀವವನ್ನು ತೋಪಿನ ಸದ್ದಿಗೆ ಕದಲದಂತೆ ಮಾಡಬೇಕು. ಹೊಡೆದರೆ ಕೆಲಸ ಕೆಟ್ಟಿತು. ಅದು ಒಂದೋ ತಿರುಗಿ ಬೀಳುತ್ತದೆ, ಇಲ್ಲವೇ ಒಳಗೇ ಮುರಿಯುತ್ತದೆ. ಮುರಿದ ಎತ್ತು ತೋಪಿಗೆ ಆಗದು. ಹಿಂಡನ್ನು ಗಟ್ಟಿ ಬೇಲಿಯ ದೊಡ್ಡಿಗೆ ನೂಕಿ, ಬೇಕಾದ್ದಕ್ಕೆ ಉರುಳು ಹಾಕಿ ಹಿಡಿದು, ಭದ್ರವಾದ ಕಂಬಕ್ಕೆ ಕಟ್ಟುತ್ತಿದ್ದರು. ಎಗರಾಡಿ ಸುಸ್ತಾಗುವ ತನಕ ಬಿಡುವುದು. ಆಮೇಲೆ ಹತ್ತಿರ ಕೂರುವುದು, ಮಾತಾಡಿಸುವುದು, ಮೈ ತಿಕ್ಕುವುದು, ಕೈಯಿಂದ ಹುಲ್ಲು ಕೊಡುವುದು. ದಿನಗಟ್ಟಲೆ ಇದೇ.

ಮುಂದಿನ ಹೆಜ್ಜೆಯೇ ಈ ಕಸುಬಿನ ಜೀವಾಳ ಎಂದು ನನಗನ್ನಿಸುತ್ತದೆ. ಹೊಸ ಎತ್ತನ್ನು ಪಳಗಿದ ಹಳೆಯ ಎತ್ತಿನ ಕೊರಳಿಗೆ ಮಿಣಿಯಿಂದ ಜತೆ ಕಟ್ಟಿ ಎರಡನ್ನೂ ಮೇಯಲು ಬಿಡುತ್ತಿದ್ದರು. ಹಳೆಯದು ನಿಂತರೆ ಇದೂ ನಿಲ್ಲಬೇಕು, ಅದು ನಡೆದರೆ ಇದೂ ನಡೆಯಬೇಕು. ಅದು ಕರೆದಾಗ ಬರುತ್ತದೆ, ಹಗ್ಗಕ್ಕೆ ತಲೆ ಬಗ್ಗಿಸುತ್ತದೆ, ಜನರನ್ನು ಕಂಡರೆ ಬೆದರುವುದಿಲ್ಲ. ಇದು ನೋಡಿ ನೋಡಿ ಕಲಿಯುತ್ತದೆ. ಮನುಷ್ಯ ಹೇಳಿಕೊಡಲಾಗದ್ದನ್ನು ಎತ್ತಿನಿಂದಲೇ ಹೇಳಿಸುವ ಉಪಾಯ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಕಟ್ಟಿದ ಜನಕ್ಕೆ ಜತೆಯ ಬೆಲೆ ಗೊತ್ತಿತ್ತು. ಆ ಬಳಿಕ ಬರಿ ನೊಗ, ನೊಗಕ್ಕೆ ಮರದ ದಿಮ್ಮಿ, ಆಮೇಲೆ ಖಾಲಿ ಗಾಡಿ, ಕೊನೆಗೆ ಹೇರು. ಐದನೇ ವರ್ಷಕ್ಕೆ ಸೇನೆಗೆ ಸೇರುತ್ತಿದ್ದವು. ಪೂರ್ಣ ಬಲ ಬರುತ್ತಿದ್ದದ್ದು ಏಳರ ಸುಮಾರಿಗೆ. ಹನ್ನೆರಡರ ತನಕ ಕಸುವು. ಹದಿನಾಲ್ಕು ಹದಿನೈದರವರೆಗೆ ಕೆಲಸ.

ಹೀಗೆ ತಯಾರಾದ ಎತ್ತು ಕಾಲಾಳುಗಳಿಗಿಂತ ಬೇಗ ನಡೆಯುತ್ತದೆಂದು ಬ್ರಿಟಿಷ್ ಅಧಿಕಾರಿಗಳು ಬರೆದಿದ್ದಾರೆ. ಆ ಕೊಂಬುಗಳ ವಿನ್ಯಾಸವನ್ನೂ ಗಮನಿಸಬೇಕು. ಅಗಲಕ್ಕೆ ಚಾಚುವ ಕೊಂಬಿದ್ದರೆ ಒಂದೇ ನೊಗದ ಜೋಡಿ ಒಂದಕ್ಕೊಂದು ತಾಗುತ್ತಿರುತ್ತದೆ. ಹಿಂದಕ್ಕೆ ವಾಲಿದ ಈ ಕೊಂಬು ಯಾರಿಗೂ ಅಡ್ಡಬಾರದು. ಹತ್ತಾರು ಜೋಡಿ ಒಂದೇ ಸರಪಳಿಗೆ ಬಿದ್ದು ಎಳೆಯುವಾಗ ಇದು ಸಣ್ಣ ಅನುಕೂಲವಾಗಿರಲಾರದು.

ಇಲ್ಲಿ ಒಂದು ಲೆಕ್ಕ ಮಾಡಿ ನೋಡೋಣ. 1781ರಲ್ಲಿ ಚಿದಂಬರದ ದಾರಿಯಲ್ಲಿ ತುಂಬು ಬಲದಿಂದ ತೋಪು ಎಳೆದ ಎತ್ತು 1774ರ ಹೊತ್ತಿಗೆ ಯಾವುದೋ ಕಾವಲಿನಲ್ಲಿ ಹುಟ್ಟಿರಬೇಕು. ಆಗ ಕಂಪನಿಯ ಜತೆ ಯುದ್ಧವಿರಲಿಲ್ಲ. ಮೊದಲನೆಯದು 1769ಕ್ಕೆ ಮುಗಿದಿತ್ತು, ಎರಡನೆಯದಕ್ಕೆ ಇನ್ನೂ ಆರು ವರ್ಷವಿತ್ತು. ತೋಪನ್ನು ಒಂದು ಮಳೆಗಾಲದಲ್ಲಿ ಎರಕ ಹೊಯ್ಯಬಹುದು, ಬಂದೂಕನ್ನು ಫ್ರೆಂಚರಿಂದ ಕೊಳ್ಳಬಹುದು, ಸಿಪಾಯಿಗೆ ಆರು ತಿಂಗಳಲ್ಲಿ ಕವಾಯತು ಕಲಿಸಬಹುದು. ಎತ್ತನ್ನು ಅವಸರ ಮಾಡಲು ಯಾವ ಸುಲ್ತಾನನಿಂದಲೂ ಆಗದು. ಈ ಇಲಾಖೆಗೆ ಟಿಪ್ಪು ಹುಕುಂನಾಮೆ ಬರೆಸಿದ್ದು, ವರ್ಷಕ್ಕೊಮ್ಮೆ ಹಿಂಡುಗಳ ಹಾಜರಿಯಲ್ಲಿ ತಾನೇ ನಿಂತು ಚೆನ್ನಾಗಿ ಸಾಕಿದವರಿಗೆ ಇನಾಮು ಕೊಡುತ್ತಿದ್ದದ್ದು ಆ ಕಾರಣಕ್ಕೇ ಇರಬೇಕು. ರಾಕೆಟ್ಟಿನ ಟಿಪ್ಪು ಎಲ್ಲರಿಗೂ ಗೊತ್ತು. ಕರುಗಳನ್ನು ಎಣಿಸುತ್ತ ನಿಂತ ಟಿಪ್ಪು ನನಗೆ ಹೆಚ್ಚು ಕುತೂಹಲ ಹುಟ್ಟಿಸುತ್ತಾನೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಎತ್ತುಗಳ ರುಚಿ ಹತ್ತಿದ್ದು ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಗೆ. 1800ರಲ್ಲಿ ದಂಗೆಕೋರ ಧೋಂಡಿಯಾ ವಾಘ್‌ನನ್ನು ತುಂಗಭದ್ರೆಯ ಆಚೆ ಬೆನ್ನಟ್ಟಿ ಮುಗಿಸಿದ್ದು, 1803ರ ಮರಾಠಾ ಯುದ್ಧದಲ್ಲಿ ಅಸ್ಸಾಯೆವರೆಗೆ ಓಡಾಡಿದ್ದು ಮೈಸೂರು ಎತ್ತುಗಳನ್ನು ನೆಚ್ಚಿಕೊಂಡೇ. ಆತನ ಆ ಕಾಲದ ಪತ್ರಗಳ ತುಂಬ ಎತ್ತು, ಅಕ್ಕಿ, ಬಿಂಜಾರಿಗಳ ವಿಚಾರವೇ. ಮುಂದೆ ಅವನು ಸ್ಪೇನ್, ಪೋರ್ಚುಗಲ್‌ಗಳಲ್ಲಿ ನೆಪೋಲಿಯನ್ನನ ಸೇನೆಗಳ ವಿರುದ್ಧ ಹೋರಾಡುವಾಗ ಈ ಎತ್ತುಗಳಿಲ್ಲವಲ್ಲ ಎಂದು ಪೇಚಾಡಿಕೊಂಡದ್ದುಂಟು. ಮುಂದೆ ವೆಲಿಂಗ್ಟನ್ ಎನಿಸಿಕೊಂಡು ವಾಟರ್ಲೂ ಗೆದ್ದ ಈತ ಹೀಗೆ ನಮ್ಮ ಕಾವಲುಗಳನ್ನು ನೆನೆದವನು.

ಅಷ್ಟು ಬಲ್ಲವರ ಕೈಯಲ್ಲೂ ಹಿಂಡು ಸರಿಯಾಗಿ ಉಳಿಯಲಿಲ್ಲ. ಮೊದಲು ಮೈಸೂರು ಸರ್ಕಾರಕ್ಕೆ ವಹಿಸಿದರು, ತಳಿ ಇಳಿಯಿತು. 1813ರಲ್ಲಿ ಮದ್ರಾಸು ಸೇನೆಯ ಕ್ಯಾಪ್ಟನ್ ಹಾರ್ವೆಯ ಕೈಗೆ ಕೊಟ್ಟರು, ಚೇತರಿಸಿತು. ಮುಂದೆ ಕೇಂದ್ರ ಹುಣಸೂರಿಗೆ ಬಂತು. ಅಲ್ಲಿ ಕಂಪನಿ ಸರ್ಕಾರ ದನಗಳ ಜತೆಗೆ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ತಯಾರಿಕೆ, ಮರದ ಅಡ್ಡೆಯನ್ನೂ ಇಟ್ಟಿತ್ತು. ಸಿಪಾಯಿಯ ಕಾಲಿಗೆ ಜೋಡು, ಹೆಗಲಿಗೆ ಕಂಬಳಿ, ತೋಪಿಗೆ ಎತ್ತು: ಎಲ್ಲ ಒಂದೇ ಊರಿನಿಂದ. 1864ರಲ್ಲಿ ಅದು ಮುಚ್ಚಿತಾದರೂ ಕಲಿತ ಕೈಗಳು ಊರಿನಲ್ಲೇ ಉಳಿದವು.

ದನಗಳ ಗತಿ ಅದಕ್ಕೂ ಮೊದಲೇ ಆಗಿತ್ತು. 1860ರಲ್ಲಿ ಮದ್ರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲ್ಯನ್ ಖರ್ಚು ಉಳಿಸಲು ಈ ಇಲಾಖೆಯನ್ನೇ ಎತ್ತಿಹಾಕಿದ. ಇನ್ನೂರೈವತ್ತು ವರ್ಷ ಕಾಪಾಡಿದ ಹಿಂಡು ಹರಾಜಾಯಿತು. ಒಂದಷ್ಟು ಒಳ್ಳೆಯ ದನಗಳು ಈಜಿಪ್ಟಿನ ಪಾಷಾನ ಪಾಲಾದವು. ಗುಮಾಸ್ತನ ಪುಸ್ತಕದಲ್ಲಿ ಉಳಿತಾಯ ಚೆನ್ನಾಗಿಯೇ ಕಂಡಿರಬೇಕು. ಆದರೆ ಸೇನೆಗೆ ಬೇಕಾದ ಎತ್ತು ಸಂತೆಯಲ್ಲಿ ಸಿಗಲಿಲ್ಲ. ಆರೇ ವರ್ಷಕ್ಕೆ, 1866ರಲ್ಲಿ, ಸುಮಾರು 4,000 ಹಸು, 100 ಬೀಜದ ಹೋರಿಗಳ ಲೆಕ್ಕದಲ್ಲಿ ಮತ್ತೆ ಹಿಂಡು ಕಟ್ಟಲು ಹೊರಟರು. ಹಾಗೆ ಕಟ್ಟಿದ ಹಿಂಡಿನ ಮೊದಲ ಕರು ನೊಗಕ್ಕೆ ಬರಲು 1872 ಆಗಬೇಕು. ಒಂದು ಸಹಿಗೆ ಹನ್ನೆರಡು ವರ್ಷ ದಂಡ. 1882ರಲ್ಲಿ ಇಲಾಖೆ ಮೈಸೂರು ಸರ್ಕಾರಕ್ಕೆ ಬಂತು. ರೈಲು ಬಂದಿತ್ತು, ಲಾರಿ ಬರಲಿತ್ತು, ತೋಪಿಗೆ ಎತ್ತು ಬೇಡವಾಗುತ್ತಿತ್ತು.

ಕಾವಲುಗಳು ಒಂದೊಂದಾಗಿ ಹೊಲ, ತೋಟ, ಕಾಲೋನಿ ಆದವು. ಚಳ್ಳಕೆರೆ ತಾಲ್ಲೂಕಿನಲ್ಲಿ ಉಳಿದಿದ್ದ ಸಾವಿರಾರು ಎಕರೆ ಅಮೃತಮಹಲ್ ಕಾವಲನ್ನು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟರು. ಕುರಿ ದನ ಮೇಯಿಸುತ್ತಿದ್ದ ಹಳ್ಳಿಗರು ಹಸಿರು ನ್ಯಾಯಮಂಡಳಿಯ ತನಕ ಹೋದರು. ವರವು ಕಾವಲಿನಲ್ಲಿ ಈಗ ರಕ್ಷಣಾ ಸಂಶೋಧನಾ ಸಂಸ್ಥೆಯ ರನ್‌ವೇ ಇದೆ. ಸೇನೆಗಾಗಿ ತಯಾರಾಗುವ ಡ್ರೋನುಗಳು ಅಲ್ಲಿಂದ ಹಾರುತ್ತವೆ. ಹಿಂದೆ ಸೇನೆಗೆ ಎತ್ತು ಕೊಟ್ಟ ನೆಲ ಈಗಲೂ ಸೇನೆಯದ್ದೇ ಕೆಲಸದಲ್ಲಿದೆ ಎಂದು ಸಮಾಧಾನಪಡಬೇಕೋ ಏನೋ. ಮೇವು ಕಳೆದುಕೊಂಡವರ ಮುಂದೆ ಈ ಮಾತನ್ನು ಆಡಲು ನನಗೆ ಧೈರ್ಯವಿಲ್ಲ.

ಅಜ್ಜಂಪುರದ ಕೇಂದ್ರ ತಳಿಯನ್ನು ಇನ್ನೂ ಉಳಿಸಿಕೊಂಡಿದೆ. ವರ್ಷಕ್ಕೊಮ್ಮೆ ಗಂಡು ಕರುಗಳ ಹರಾಜು ನಡೆಯುತ್ತದೆ. ದೂರದ ಜಿಲ್ಲೆಗಳಿಂದ ರೈತರು ಬಂದು ಬೇಲಿಯ ಹೊರಗೆ ಸಾಲಾಗಿ ನಿಲ್ಲುತ್ತಾರೆ. ಹತ್ತಿರ ಹೋಗಿ ಹಲ್ಲು ನೋಡುವ ಹಾಗಿಲ್ಲ, ದೂರದಿಂದಲೇ ಕಾಲು, ಎದೆ, ನಡಿಗೆ ಅಂದಾಜು ಮಾಡಬೇಕು. ನಾನು ಹೋದ ವರ್ಷ ಒಬ್ಬ ರೈತ ಒಂದು ಜೋಡಿಯನ್ನು ಕೂಗಿ ಗೆದ್ದ. ಹಗ್ಗ ಬಿದ್ದದ್ದೇ ತಡ ಅವೆರಡೂ ನೆಲ ಬಗೆದು ಎಗರತೊಡಗಿದವು. ಐದಾರು ಜನ ಸೇರಿ ಎಳೆದು, ನೂಕಿ, ವ್ಯಾನಿಗೆ ಏರಿಸುವಷ್ಟರಲ್ಲಿ ಒಬ್ಬನ ಅಂಗಿ ಹರಿದಿತ್ತು, ಇನ್ನೊಬ್ಬನ ಮೊಣಕೈ ತರಚಿತ್ತು.

"ಇವನ್ನ ಪಳಗಿಸೋದು ಹೆಂಗಣ್ಣ?" ಎಂದು ಕೇಳಿದೆ.

ಆತ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ವ್ಯಾನಿನ ಹಿಂಬಾಗಿಲಿಗೆ ಇನ್ನೊಂದು ಸುತ್ತು ಹಗ್ಗ ಬಿಗಿದ. "ಮನೇಲಿ ನಮ್ದು ಹಳೇ ಎತ್ತು ಒಂದೈತೆ ಸಾರ್. ಅದರ ಕೊಳ್ಳಿಗೆ ಕಟ್ಟಿ ಬಿಡ್ತೀನಿ. ಒಂದ್ ತಿಂಗ್ಳು ಸಾಕು." ವ್ಯಾನು ಹೊರಟಿತು. ರಸ್ತೆ ತಿರುಗುವ ತನಕ ಪಟ್ಟಿಯ ಮೇಲೆ ಎರಡು ಜೋಡಿ ಕೊಂಬಿನ ತುದಿಗಳು ಕಾಣುತ್ತಿದ್ದವು.